ಸಮಾಧಾನಿಯ ರಕ್ತ ಬೇಕಾಗಿದೆ

‘ಖಾಲಿ ಹೊಟ್ಟೆ’ ಎನ್ನಬೇಕಾದ ಕಡೆ ವಿಜಯಕುಮಾರ ‘ಉಪವಾಸ’ ಎಂದುಬಿಟ್ಟ. ಅಷ್ಟೇ ಆದದ್ದು. ಬಾಯಿಂದ ಜಾರಿದ್ದು ನಾಲ್ಕೇ ಅಕ್ಷರ. ಅದನ್ನು ಹೆಕ್ಕಿಕೊಳ್ಳುವುದಕ್ಕೆ ಮಾರನೆಯ ದಿನ ಅವನು ಅರ್ಧ ಬೆಂಗಳೂರು ಅಲೆಯಬೇಕಾಯಿತು, ಯಶವಂತಪುರದಲ್ಲಿ ಕಳ್ಳ ಅನ್ನಿಸಿಕೊಳ್ಳಬೇಕಾಯಿತು, ಎಡಗಾಲಿನ ಚಪ್ಪಲಿಯನ್ನು ಈರುಳ್ಳಿ ರಾಶಿಗೆ ದಾನ ಮಾಡಬೇಕಾಯಿತು.

ಹೇಳಿದ್ದು ಯಾರಿಗೆ? ಅವನು ಬಾಡಿಗೆಗಿದ್ದ ಮನೆಯ ಮಾಲೀಕ ಬ್ಯಾಟರಾಯಪ್ಪನಿಗೆ. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಜಗಲಿಯ ಮೇಲೆ ಕೂತ ಮನುಷ್ಯ ಅವನು. ಸುತ್ತ ನಾಲ್ಕಂತಸ್ತಿನ ಮನೆಗಳೆದ್ದರೂ, ತಲೆಯ ಮೇಲೆ ಐದು ನಿಮಿಷಕ್ಕೊಂದು ವಿಮಾನ ಹಾರಿದರೂ ಎದ್ದಿರಲಿಲ್ಲ. ಒಮ್ಮೆ ಎದುರು ಮನೆಯ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗ ‘ಚಳಿಗೆ ಒಳ್ಳೇದೇ ಆಯ್ತು’ ಎಂದು ಆ ಕಡೆಗೆ ಬೆನ್ನು ತಿರುಗಿಸಿ ಕೂತನಂತೆ. ಸಿಟ್ಟು, ಅವಸರ, ಗಾಬರಿ ಈ ಮೂವರ ಮುಖವನ್ನೇ ಅವನು ಕಂಡವನಲ್ಲ. ಇಂಥ ಸಮಾಧಾನಿಯ ರಕ್ತವೇ ವಿಜಯಕುಮಾರನಿಗೆ ಬೇಕಾಗಿತ್ತು.

ವಿಜಯಕುಮಾರ ಗದಗಿನ ಕಡೆಯವನು. ಕೊಡಿಗೇಹಳ್ಳಿಯ ಒಂದು ಪುಟ್ಟ ಲ್ಯಾಬಿನಲ್ಲಿ ಎಂಟು ವರ್ಷದಿಂದ ಟೆಂಪರರಿ ಟೆಕ್ನಿಷಿಯನ್. ಹನ್ನೊಂದು ತಿಂಗಳಿಗೊಮ್ಮೆ ಅವನ ನೌಕರಿ ಸತ್ತು ಮತ್ತೆ ಹುಟ್ಟುತ್ತಿತ್ತು. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ‘ಪರ್ಮನೆಂಟಾ?’ ಎಂದು ಕೇಳುವರು. ಇವನು ಬಾಯಿ ತೆರೆಯುವಷ್ಟರಲ್ಲಿ ಮುಂದಿಟ್ಟ ಕೇಸರಿಬಾತಿನ ತಟ್ಟೆ ಅಡುಗೆಮನೆಗೆ ವಾಪಸು ಹೋಗಿರುತ್ತಿತ್ತು. ಕೇಸರಿಬಾತನ್ನು ಇಷ್ಟು ಸಲ ಕಣ್ಣಿಂದ ನೋಡಿ, ಇಷ್ಟು ಕಡಿಮೆ ಸಲ ಬಾಯಲ್ಲಿಟ್ಟ ಗಂಡಸು ಕರ್ನಾಟಕದಲ್ಲಿ ಇನ್ನೊಬ್ಬನಿಲ್ಲ.

ಈ ಸಲ ಮಾತ್ರ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಶಶಿರೇಖಾ ಅವನ ಪರ್ಮನೆಂಟ್ ಆರ್ಡರನ್ನು ಟೈಪು ಮಾಡಿಸಿ ಮೇಜಿನ ಮೇಲೇ ಇಟ್ಟುಕೊಂಡಿದ್ದರು. ಆಕೆ ಮಾತಾಡಿದರೆ ಪ್ರೆಶರ್ ಕುಕ್ಕರ್ ಕೂಗಿದ ಹಾಗೆ.

“ವಿಜಯಕುಮಾರ್, ಗುರುವಾರ ಸಂಜೆ ಆರಕ್ಕೆ ಪ್ರಾಜೆಕ್ಟಿಗೆ ದುಡ್ಡು ಕೊಡೋ ದೆಹಲಿಯವ್ರಿಗೆ ಸ್ಲೈಡಿನ ಚಿತ್ರ ಹೋಗ್ಬೇಕು. ಹೋಯ್ತು ಅಂದ್ರೆ ಅಲ್ಲೇ ಸೈನ್ ಹಾಕ್ತೀನಿ. ಹೋಗ್ಲಿಲ್ಲ ಅಂದ್ರೆ ಪ್ರಾಜೆಕ್ಟೂ ಇಲ್ಲ, ನೀವೂ ಇಲ್ಲ, ನಾನೂ ಊರಿಗೆ ಹೋಗಿ ಹಪ್ಪಳ ಒತ್ತಬೇಕು!”

ಆ ಸ್ಲೈಡು ಎಂದರೆ ಬೆರಳುದ್ದದ ಗಾಜಿನ ತುಂಡು. ಹೆಸರು ಮಾತ್ರ ಬೆರಳಿಗಿಂತ ಉದ್ದ: ಆಂಟಿಬಾಡಿ ಮೈಕ್ರೋಅರೇ. ಅದರ ಮೇಲೆ ಎಡಕ್ಕೊಂದು, ಬಲಕ್ಕೊಂದು ಮನೆ. ಒಂದೊಂದು ಮನೆಯಲ್ಲೂ ಕಣ್ಣಿಗೆ ಕಾಣದ ಐನೂರು ಚುಕ್ಕಿ. ಒಂದೊಂದು ಚುಕ್ಕಿಯಲ್ಲೂ ಒಂದೊಂದು ಬಗೆಯ ಆಂಟಿಬಾಡಿ. ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತ ತಾಯಂದಿರನ್ನು ನೋಡಿದ್ದೀರಲ್ಲ? ಸಾವಿರ ಮಕ್ಕಳು ನುಗ್ಗಿ ಬಂದರೂ ಒಬ್ಬೊಬ್ಬಳು ತನ್ನ ಮಗುವಿನ ರಟ್ಟೆಯನ್ನೇ ಹಿಡಿಯುತ್ತಾಳೆ. ಹಾಗೆಯೇ ರಕ್ತದ ತಿಳಿಯನ್ನು ಸುರಿದರೆ, ಅದರೊಳಗಿನ ಸಾವಿರಾರು ಪ್ರೋಟೀನುಗಳಲ್ಲಿ ತನ್ನದು ಯಾವುದೋ ಅದನ್ನು ಮಾತ್ರ ಆಂಟಿಬಾಡಿ ಹಿಡಿದುಕೊಳ್ಳುತ್ತದೆ. ಪ್ರೋಟೀನುಗಳಿಗೆ ಮೊದಲೇ ಹೊಳೆಯುವ ಬಣ್ಣ ಹಚ್ಚಿರುತ್ತಾರೆ. ಎಲ್ಲಿ ಹೆಚ್ಚು ಸಿಕ್ಕಿಬಿದ್ದಿದೆಯೋ ಆ ಚುಕ್ಕಿ ಯಂತ್ರದೊಳಗೆ ಹೆಚ್ಚು ಬೆಳಗುತ್ತದೆ.

ಎಡಗಡೆಯ ಮನೆಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಹೊಗೆ ಕುಡಿದು, ಹಾರನ್ ಕೇಳಿ, ಎಲ್ಲರ ಕೈಲೂ ಬೈಸಿಕೊಂಡು ನಿಲ್ಲುವ ಟ್ರಾಫಿಕ್ ಪೊಲೀಸಿನವರ ರಕ್ತ. ಅದು ತಯಾರಿತ್ತು. ಬಲಗಡೆಯ ಮನೆಗೆ, ಹೋಲಿಸಿ ನೋಡಲು, ಒಬ್ಬ ಸಮಾಧಾನಿಯ ಖಾಲಿ ಹೊಟ್ಟೆಯ ರಕ್ತ. ಎಡಗಡೆ ದೇಹದ ಕಷ್ಟ ಹೇಳುವ ಚುಕ್ಕಿಗಳು ಬೆಳಗಬೇಕು, ಬಲಗಡೆ ಅವೇ ಚುಕ್ಕಿಗಳು ಕತ್ತಲೆಯಲ್ಲಿರಬೇಕು. ಎರಡರ ವ್ಯತ್ಯಾಸವೇ ದೆಹಲಿಗೆ ಹೋಗಬೇಕಾದ ಚಿತ್ರ.

ಅದಕ್ಕೇ ಬುಧವಾರ ಸಂಜೆ ಅವನು ಜಗಲಿಯ ಮುಂದೆ ನಿಂತು, “ಯಜಮಾನ್ರೇ, ನಾಳೆ ಬೆಳಿಗ್ಗೆ ಉಪವಾಸ ಇರ್ಬೇಕು” ಎಂದಿದ್ದ.

“ಆಗ್ಲಪ್ಪ” ಎಂದಿದ್ದ ಬ್ಯಾಟರಾಯಪ್ಪ.

ಗುರುವಾರ ಬೆಳಿಗ್ಗೆ ಏಳೂವರೆಗೆ ಜಗಲಿಯ ಮೇಲೇ ರಕ್ತ ತೆಗೆದದ್ದಾಯಿತು. ಸೂಜಿ ಚುಚ್ಚಿದಾಗ ಬ್ಯಾಟರಾಯಪ್ಪ ಆಕಳಿಸಿದ. ತೆಗೆದು ಮುಗಿಸುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಇಂಥ ರಕ್ತ ಇನ್ನೆಲ್ಲಿ ಸಿಗಬೇಕು! ವಿಜಯಕುಮಾರ ಲ್ಯಾಬಿಗೆ ಹಾರಿಕೊಂಡೇ ಹೋದ. ಹೋದವನು ಮೊದಲು ಮಾಡಿದ ಕೆಲಸ, ಆ ಸ್ಲೈಡಿನ ಪ್ಯಾಕೆಟ್ಟು ಹರಿದದ್ದು. ಇದ್ದದ್ದು ಅದೊಂದೇ ಸ್ಲೈಡು, ಹೊರದೇಶದಿಂದ ಮೂರು ತಿಂಗಳು ಕಾದು ತರಿಸಿದ್ದು. ಒಮ್ಮೆ ಹರಿದು ದ್ರಾವಣದಲ್ಲಿ ನೆನೆಸಿದರೆ ಮಧ್ಯಾಹ್ನ ಎರಡರೊಳಗೆ ಅದರ ಮೇಲೆ ರಕ್ತ ಬೀಳಲೇಬೇಕು. ಇಲ್ಲದಿದ್ದರೆ ಅದು ಕಿಟಕಿ ಗಾಜಿನ ಚೂರಿಗೆ ಸಮ.

ಆಮೇಲೆ ರಕ್ತದ ಕೊಳವೆಯನ್ನು ಗಿರಗಿರ ತಿರುಗಿಸುವ ಯಂತ್ರಕ್ಕೆ ಹಾಕಿದ. ಕೆಂಪು ಕೆಳಗಿಳಿದು, ಮೇಲೆ ಜೇನಿನ ಬಣ್ಣದ ತಿಳಿ ನಿಲ್ಲಬೇಕಿತ್ತು. ನಿಂತದ್ದು ಬೆಳ್ಳಗಿತ್ತು. ಬೆಳ್ಳಗೆ ಅಂದರೆ ಒಂದು ಕರಿಬೇವಿನೆಲೆ ಹಾಕಿ, ಚಿಟಿಕೆ ಇಂಗು ಬೆರೆಸಿದ್ದರೆ ಯಾರಾದರೂ ಕುಡಿದುಬಿಡುವ ಹಾಗೆ.

“ಇದೇನ್ರೀ ಇದು, ರಕ್ತಾನಾ ಮಜ್ಜಿಗೇನಾ?” ಶಶಿರೇಖಾ ಕೊಳವೆಯನ್ನು ಬೆಳಕಿಗೆ ಹಿಡಿದು ಕಿರುಚಿದರು. “ಪೂರ್ತಿ ಕೊಬ್ಬು! ಇದನ್ನ ಹಾಕಿದ್ರೆ ಸ್ಲೈಡಿನ ತುಂಬ ಮಂಜು ಕವಿದ ಹಾಗಾಗುತ್ತೆ. ಖಾಲಿ ಹೊಟ್ಟೇಲಿದ್ರು ತಾನೇ ಆ ಮನುಷ್ಯ?”

“ಉಪವಾಸ ಇದ್ರು ಮೇಡಂ! ದೇವರಾಣೆಗೂ!”

ಮನೆಗೆ ಫೋನು ಹಚ್ಚಿದ. ಎತ್ತಿದವಳು ಬ್ಯಾಟರಾಯಪ್ಪನ ಹೆಂಡತಿ ಅಕ್ಕಯ್ಯಮ್ಮ. ಆಕೆಯ ದನಿ ಕೇಳಲು ಫೋನು ಬೇಕಾಗಿಯೇ ಇರಲಿಲ್ಲ.

“ಅಕ್ಕಯ್ಯಮ್ಮನೋರೇ, ಯಜಮಾನ್ರು ಬೆಳಿಗ್ಗೆ ಏನಾದ್ರೂ ತಿಂದಿದ್ರಾ?”

“ಅಯ್ಯೋ, ಉಪವಾಸ ಇರು ಅಂತ ನೀನೇ ಯೋಳಿದ್ಯಲ್ಲ ವಿಜಿ! ಅನ್ನದ ಅಗಳು ಮುಟ್ಟಿಲ್ಲ ಕಣಪ್ಪ.”

“ಅನ್ನ ಬಿಡಿ. ಬೇರೆ?”

“ಬೇರೆ ಏನೈತೆ? ಉಪವಾಸಕ್ಕೆ ಏನ್ ತಿಂತಾರೋ ಅದೇಯ. ಐದು ಗಂಟೆಗೇ ಎದ್ದು ತುಪ್ಪ ಆಕಿ ಉಪ್ಪಿಟ್ಟು ಮಾಡ್ದೆ. ಒಂದ್ ತಟ್ಟೆ ಮೊಸರವಲಕ್ಕಿ. ಬಾಳೆಅಣ್ಣಿನ ರಸಾಯನ, ಕಾಯಿ ತುರ್ದು ಆಕಿದ್ದು. ಕಡೇಗೆ ಒಂದ್ ಚೊಂಬು ಗಟ್ಟಿ ಆಲು. ಪಾಪ, ಒಟ್ಟೆ ತುಂಬ್ಲಿಲ್ಲ ಅಂತ ಇನ್ನೊಂದ್ ಸಲ ಉಪ್ಪಿಟ್ಟು ಆಕುಸ್ಕೊಂಡ್ರು. ಈ ವಯಸ್ನಲ್ಲಿ ಉಪವಾಸ ಅಂದ್ರೆ ಸುಮ್ನೆ ಅಲ್ಲ ಕಣಪ್ಪ. ಬಲು ಸುಸ್ತಾಗವ್ರೆ, ಮಲಗವ್ರೆ.”

ಹೆದರಿದಾಗ ಮಾತ್ರ ವಿಜಯಕುಮಾರನ ಬಾಯಿಗೆ ಗದಗು ಬರುತ್ತಿತ್ತು. “ಯವ್ವಾ, ಕೆಟ್ಟೆನಲ್ಲಬೇ” ಎಂದ.

“ಎರಡು ಗಂಟೆವರೆಗೂ ಟೈಮಿದೆ” ಎಂದರು ಶಶಿರೇಖಾ. “ಓಡಿ! ಖಾಲಿ ಹೊಟ್ಟೇಲಿರೋ ಸಮಾಧಾನಿ ಒಬ್ರನ್ನ ಹಿಡ್ಕೊಂಡು ಬನ್ನಿ. ಸೂಜಿ ಇಟ್ಕೊಂಡು ಓಡಿ!”

ಸೂಜಿ, ಕೊಳವೆ, ಹತ್ತಿ ತುಂಬಿದ ಪೆಟ್ಟಿಗೆಯನ್ನು ಬಗಲಿಗೇರಿಸಿ ಅವನು ಮನೆಯ ಬೀದಿಗೆ ಓಡಿದ. ಆಗ ಒಂಬತ್ತೂವರೆ. ಅಕ್ಕಯ್ಯಮ್ಮನಿಗೆ ಗುಟ್ಟಾಗಿ, ಕಿವಿಯ ಹತ್ತಿರ ಬಾಯಿಟ್ಟು, ಸ್ಲೈಡು, ಆಂಟಿಬಾಡಿ, ಚುಕ್ಕಿ ಬೆಳಗುವುದು, ಆರ್ಡರು ಎಲ್ಲವನ್ನೂ ಹೇಳಿದ. ಆಕೆ ಅಷ್ಟೇ ಗುಟ್ಟಾಗಿ, ಬೀದಿಯ ಮಧ್ಯೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾರಿದಳು.

“ಕೇಳ್ರವ್ವೋ! ನಮ್ ವಿಜಿಗೆ ಕೆಲ್ಸ ಓಗೋ ಅಂಗೈತೆ! ಯಾವ್ದೋ ಆಂಟಿ ಬಾಡಿ ಮ್ಯಾಗೆ ರಕ್ತ ಸುರೀಬೇಕಂತೆ! ಬೆಳಿಗ್ಗೆಯಿಂದ ಏನೂ ತಿನ್ದೇ ಇರೋರು, ಸಿಟ್ಟೇ ಬರ್ದೇ ಇರೋರು ಯಾರಾನ ಇದ್ರೆ ಬರ್ರಿ!”

ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು. ಹೊಲಿಗೆ ಯಂತ್ರದ ಸದ್ದು ನಿಂತಿತು. ಎದುರು ಮನೆಯ ರಾಧಾಮಣಿ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡೇ ಹೊರಗೆ ಬಂದಳು.

“ಯಾವ ಆಂಟೀದು ಬಾಡಿ?” ಎಂದಳು.

“ಆಂಟಿ ಅಲ್ಲ ಕಣ್ರೀ, ಆಂಟಿಬಾಡಿ. ಅದು ಗಾಜಿನ ಮೇಲಿರುತ್ತೆ...”

“ಗಾಜಿನ ಪೆಟ್ಟಿಗೇಲಿ ಇಟ್ಟಿದೀರಾ! ಅಯ್ಯೋ ಶಿವನೇ, ಅವಳ ಮನೆಯವರಿಗೆ ಹೇಳಿದೀರೋ ಇಲ್ವೋ?”

ಅದನ್ನು ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನಿಗೆ ಒಂದು ಭಯಂಕರ ಸತ್ಯ ಹೊಳೆದಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ತಿಂಡಿ ತಿಂದವರೆಲ್ಲ ಸಮಾಧಾನವಾಗಿದ್ದರು. ತಿನ್ನದವರೆಲ್ಲ ಉರಿಯುತ್ತಿದ್ದರು. ಖಾಲಿ ಹೊಟ್ಟೆಯೂ ಇದ್ದು ಸಮಾಧಾನವೂ ಇರುವ ಮನುಷ್ಯನನ್ನು ದೇವರು ಕೊಡಿಗೇಹಳ್ಳಿಯಲ್ಲಂತೂ ಸೃಷ್ಟಿಸಿರಲಿಲ್ಲ.

ಆದರೂ ರಾಧಾಮಣಿ ತೋಳು ಚಾಚಿದಳು. “ತಗೊಳ್ಳಿ. ನಾಳೆ ಮದುವೆಗೆ ಹದಿನಾಲ್ಕು ಬ್ಲೌಸ್ ಕೊಡ್ಬೇಕು, ಕಾಫೀನೂ ಕುಡ್ದಿಲ್ಲ. ಸಮಾಧಾನ ಅಂದ್ರೆ ಈ ಬೀದೀಲಿ ನಾನೇ.”

“ಯಾವಳೇ ಅದು ಸಮಾಧಾನ?” ಪಕ್ಕದ ಮನೆಯಿಂದ ಹೂ ಮಾರುವ ಮುನಿಕೃಷ್ಣಮ್ಮ ಬುಟ್ಟಿ ಸಮೇತ ನುಗ್ಗಿದಳು. “ಮೊನ್ನೆ ನೀರಿನ ಟ್ಯಾಂಕರ್ ಬಂದಾಗ ನನ್ ಬಿಂದಿಗೆ ಎತ್ತಿ ಮೋರಿಗೆ ಎಸ್ದೋಳು ನೀನೇ ಅಲ್ವೇನೇ? ವಿಜಯಣ್ಣ, ನಂದು ತಗೋ. ಸೊಸೆ ಇನ್ನೂ ಎದ್ದೇ ಇಲ್ಲ, ಒಲೆ ಹಚ್ಚಿಲ್ಲ, ಆದ್ರೂ ಒಂದ್ ಮಾತು ಆಡ್ದೆ ಇವ್ನಿ ನೋಡು. ಇದು ಸಮಾಧಾನ!”

“ಒಂದ್ ಮಾತು ಆಡಿಲ್ವಾ? ಬೆಳಿಗ್ಗೆ ಆರು ಗಂಟೆಯಿಂದ ಸೊಸೇನ ಬೈದಿದ್ದು ಹೆಬ್ಬಾಳದ ಕೆರೆಗೂ ಕೇಳ್ಸಿದೆ!”

“ಅದು ಬೈಗುಳ ಅಲ್ಲ ಕಣೇ, ಬುದ್ಧಿ! ನಾನೇನು ನಿನ್ನಂಗೆ ಸಿಟ್ಟಿನ ಮೂಟೆನಾ?”

“ನಾನು ಸಿಟ್ಟಾ? ನಾನು ಸಿಟ್ಟಾ? ಇನ್ನೊಂದು ಸಲ ಅನ್ನು, ಈ ಕತ್ರಿಯಿಂದ ಜಡೆ ಕತ್ತರಿಸ್ತೀನಿ!”

ಸಮಾಧಾನ ಯಾರಿಗೆ ಹೆಚ್ಚು ಎನ್ನುವ ಪ್ರಶ್ನೆಗೆ ಇಬ್ಬರೂ ಒಬ್ಬರ ಜುಟ್ಟು ಒಬ್ಬರು ಹಿಡಿದು ಉತ್ತರ ಹುಡುಕತೊಡಗಿದರು. ಮಲ್ಲಿಗೆ, ಕನಕಾಂಬರ ಬೀದಿಯ ತುಂಬ ಚೆಲ್ಲಾಡಿದವು. ನಡುವೆ ಬಿಡಿಸಲು ಹೋದ ವಿಜಯಕುಮಾರನ ಕೊರಳಿಗೆ ಅಳತೆ ಟೇಪು ಎರಡು ಸುತ್ತು ಬಿದ್ದು, ಅವನ ಕಣ್ಣು ಬದನೆಕಾಯಿಯ ಹಾಗೆ ಹೊರಗೆ ಬಂತು. ಅಕ್ಕಯ್ಯಮ್ಮ ಇಬ್ಬರಿಗೂ ಸರದಿಯ ಮೇಲೆ ಉತ್ತೇಜನ ಕೊಡುತ್ತಿದ್ದಳು. ಜಗಲಿಯ ಮೇಲೆ ಬ್ಯಾಟರಾಯಪ್ಪ ಮಗ್ಗುಲು ಬದಲಿಸಿದ.

ವಿಜಯಕುಮಾರನನ್ನು ಆ ಟೇಪಿನಿಂದ ಬಿಡಿಸಿದ್ದು ಆಟೋ ಮುಜಫ್ಫರ್. ಅದೇ ಬೀದಿಯ ತುದಿಯವನು. ಜಗತ್ತು ಮುಳುಗಿದರೂ ‘ಟೆನ್ಶನ್ ಯಾಕೆ ಸರ್’ ಎನ್ನುವವನು.

“ಟೆನ್ಶನ್ ಯಾಕೆ ಸರ್? ಯಶವಂತಪುರ ಮಾರ್ಕೆಟ್ಟಲ್ಲಿ ಹನುಮಯ್ಯ ಅಂತ ಹಮಾಲಿ ಅವ್ನೆ, ನಮ್ಮ ದೋಸ್ತು. ಲೋಡ್ ಇಳಿಸೋ ತನಕ ಒಂದು ಹನಿ ನೀರೂ ಮುಟ್ಟಲ್ಲ. ಲೋಡ್ ಇವತ್ತು ಲೇಟು, ಹನ್ನೆರಡಕ್ಕೆ. ಸಮಾಧಾನ ಅಂದ್ರೆ ಹೆಂಗೆ ಗೊತ್ತಾ? ಮೈ ಮೇಲೆ ಮೂಟೆ ಬಿದ್ರೆ, ಅದಕ್ಕೆ ನೋವಾಯ್ತಾ ಅಂತ ಕೇಳ್ತಾನೆ. ಕೂತ್ಕೊಳ್ಳಿ ಸರ್!”

ಕೂತ. ಹೆಬ್ಬಾಳಕ್ಕೆ ಬರುವಷ್ಟರಲ್ಲಿ ಹತ್ತೂಕಾಲು. ಅಲ್ಲಿ ಗಾಡಿಗಳು ಒತ್ತು ಶ್ಯಾವಿಗೆಯ ಹಾಗೆ ಒಂದಕ್ಕೊಂದು ಹೊಸೆದುಕೊಂಡು ನಿಂತಿದ್ದವು. ಐವತ್ತು ನಿಮಿಷದಲ್ಲಿ ಆಟೋ ಮುಂದೆ ಹೋದದ್ದು ಎರಡು ಆಟೋ ಉದ್ದ. ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದ ಮುದುಕಿ ಇವನ ಕಣ್ಣೆದುರೇ ಕಡಲೆಕಾಯಿ ಸುಲಿಯಲು ಶುರುಮಾಡಿದಳು, ಅರ್ಧ ಸೇರು ಮುಗಿಸಿದಳು, ಸಿಪ್ಪೆ ಇವನ ಮಡಿಲಿಗೆ ಸುರಿದಳು. ಬಸ್ಸೂ ಅಲ್ಲೇ, ಇವನೂ ಅಲ್ಲೇ. ಫೋನಿನಲ್ಲಿ ಶಶಿರೇಖಾ ಐದು ನಿಮಿಷಕ್ಕೊಮ್ಮೆ ಕೂಗುತ್ತಿದ್ದರು. “ಎಲ್ಲಿದೀರಾ?” “ಹೆಬ್ಬಾಳ ಮೇಡಂ.” “ಈಗ?” “ಹೆಬ್ಬಾಳ.” “ಈಗ?” ಇವನು ಉತ್ತರ ಕೊಡುವ ಬದಲು ಬಿಕ್ಕಿದ.

“ಟೆನ್ಶನ್ ಯಾಕೆ ಸರ್” ಎಂದ ಮುಜಫ್ಫರ್, ಮತ್ತು ಗೊರಗುಂಟೆಪಾಳ್ಯದಲ್ಲಿ ಲಾರಿಗಳ ಸಂದಿಯಲ್ಲಿ ನುಗ್ಗಿ, ಒಂದು ಕಡೆ ಎರಡೇ ಚಕ್ರದ ಮೇಲೆ ಆಟೋ ತಿರುಗಿಸಿ, ಹನ್ನೊಂದೂವರೆಗೆ ಮಾರ್ಕೆಟ್ಟು ಮುಟ್ಟಿಸಿದ. ವಿಜಯಕುಮಾರನ ಜೀವ ಮಾತ್ರ ಗೊರಗುಂಟೆಪಾಳ್ಯದಲ್ಲೇ ಇಳಿದುಹೋಗಿತ್ತು.

ಹನುಮಯ್ಯ ಈರುಳ್ಳಿ ಮೂಟೆಗಳ ಮೇಲೆ ಒರಗಿ, ಒಂದು ಕಾಲು ಇನ್ನೊಂದರ ಮೇಲೆ ಹಾಕಿ, ಮೋಡ ನೋಡುತ್ತಿದ್ದ. ಆಳು ಎರಡು ಬಾಗಿಲಗಲ. ಮುಖ ಹಬ್ಬದ ದಿನ ಎಣ್ಣೆ ಹಚ್ಚಿದ ಹಾಗೆ ಶಾಂತ. ವಿಜಯಕುಮಾರನಿಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

“ಹನುಮಯ್ಯನೋರೇ, ಏನಾದ್ರೂ ತಿಂದಿದೀರಾ?”

“ಇಲ್ಲ ಬುದ್ಧಿ. ಲೋಡ್ ಆಗ್ಬೇಕು.”

“ಉಪ್ಪಿಟ್ಟು? ಅವಲಕ್ಕಿ? ಬಾಳೆಹಣ್ಣು? ಹಾಲು?” ಈಗ ಅವನು ಹುಷಾರಾಗಿದ್ದ.

“ಒಂದ್ ಬೀಡೀನೂ ಸೇದಿಲ್ಲ.”

“ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕು. ನನ್ನ ಜೀವನದ ಪ್ರಶ್ನೆ.”

“ಜೀವನ ಅಂದ್ರೆ ಏನ್ ಮಹಾ ಬುದ್ಧಿ. ಬರುತ್ತೆ, ಓಗುತ್ತೆ. ಏನ್ ಬೇಕೋ ಕೇಳಿ.”

ವಿಜಯಕುಮಾರ ಒಪ್ಪಿಗೆ ಪತ್ರ ಓದಿ ಹೇಳಿದ. ಹನುಮಯ್ಯ ಪೂರ್ತಿ ಕೇಳದೆ ಸಮಾಧಾನವಾಗಿ ಸಹಿ ಮಾಡಿದ. ಸಮಾಧಾನವಾಗಿ ತೋಳು ಚಾಚಿದ. ವಿಜಯಕುಮಾರ ಪೆಟ್ಟಿಗೆ ತೆರೆದು ಸೂಜಿ ತೆಗೆದ. ಹನುಮಯ್ಯ ಸೂಜಿ ನೋಡಿದ.

ಕ್ವಿಂಟಲ್ ಮೂಟೆ ಹೊರುವ ಆ ದೇಹದಿಂದ ಹೊರಟ ಕೂಗಿಗೆ ಪಕ್ಕದ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದ ರೈಲು ಹಸಿರು ಬಾವುಟಕ್ಕೂ ಕಾಯದೆ ಹೊರಟಿತೆಂದು ಆಮೇಲೆ ಮುಜಫ್ಫರ್ ಎಲ್ಲರಿಗೂ ಹೇಳಿದ. ಹನುಮಯ್ಯ ಮೂಟೆಯಿಂದ ಮೂಟೆಗೆ ಹಾರಿದ. “ಹನುಮಯ್ಯನೋರೇ, ಇರುವೆ ಕಚ್ಚಿದ ಹಾಗಿರುತ್ತೆ! ಇರುವೆ!” ಎನ್ನುತ್ತ ವಿಜಯಕುಮಾರ ಕೈಯಲ್ಲಿ ಸೂಜಿ ಎತ್ತಿಹಿಡಿದು ಹಿಂದೆ ಓಡಿದ. ಈರುಳ್ಳಿ ರಾಶಿಯಲ್ಲಿ ಮೊಣಕಾಲುದ್ದ ಹೂತುಹೋದ. ಚಪ್ಪಲಿ ಅಲ್ಲೇ ಉಳಿಯಿತು.

ನೋಡುವವರ ಕಣ್ಣಿಗೆ ಹೇಗಿದ್ದೀತು ಹೇಳಿ. ಟೇಪು ಸುತ್ತಿ ಕೆಂಪಾದ ಕೊರಳು, ತಲೆಯಲ್ಲಿ ಮಲ್ಲಿಗೆ ಎಸಳು, ಮಡಿಲಲ್ಲಿ ಕಡಲೆಕಾಯಿ ಸಿಪ್ಪೆ, ಒಂಟಿ ಚಪ್ಪಲಿ, ಕೈಯಲ್ಲಿ ಸೂಜಿ. ಯಾರೋ ಒಬ್ಬ ಕೂಗಿದ, “ಹಿಡೀರ್ಲಾ, ಕಿಡ್ನಿ ಕಳ್ಳ!”

ಹಮಾಲಿಗಳೆಲ್ಲ ಬಂದು ಹಿಡಿದರು. ಒಬ್ಬ ಕಾಲರ್ ಹಿಡಿದ, ಒಬ್ಬ ಪೆಟ್ಟಿಗೆ ಕಸಿದ, ಒಬ್ಬ ಹುಷಾರಿನವನು ತನ್ನ ಸೊಂಟವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ದೂರದಿಂದ ಬೈದ.

“ಯಪ್ಪಾ, ನಾ ಕಳ್ಳ ಅಲ್ರೀ! ಟೆಂಪರರಿ ಟೆಕ್ನಿಷಿಯನ್ ಅದೀನ್ರೀ!”

“ಕಳ್ಳತನದಲ್ಲೂ ಟೆಂಪರರಿ ಬಂದ್ಬಿಡ್ತಾ!” ಎಂದ ಕಾಲರ್ ಹಿಡಿದವನು.

ಮುಜಫ್ಫರ್ ಬಂದು, ಕೈಮುಗಿದು, ಎಲ್ಲರಿಗೂ ಟೀ ಹೇಳಿ ಬಿಡಿಸಿಕೊಂಡು ಬರುವಷ್ಟರಲ್ಲಿ ಹನ್ನೆರಡು ದಾಟಿತ್ತು. ಹನುಮಯ್ಯ ತುಮಕೂರು ರಸ್ತೆಯ ಕಡೆಗೆ ಓಡಿದವನು ಎಲ್ಲಿ ನಿಂತನೋ ಯಾರಿಗೂ ತಿಳಿಯಲಿಲ್ಲ.

ವಾಪಸು ಬರುವಾಗ ವಿಜಯಕುಮಾರ ಆಟೋದ ಮೂಲೆಯಲ್ಲಿ ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದ. ಎಂಟು ವರ್ಷದ ದುಡಿಮೆ, ಆ ಆರ್ಡರು, ಇನ್ನು ಮುಂದೆಂದೂ ಬಾಯಿಗೆ ಬರದ ಕೇಸರಿಬಾತು ಎಲ್ಲ ಕಣ್ಣಮುಂದೆ ಸಾಲಾಗಿ ಹೋದವು.

“ಸರ್, ಒಂದು ಬನ್ನಾದ್ರೂ ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು” ಎಂದ ಮುಜಫ್ಫರ್.

ವಿಜಯಕುಮಾರ ಚಿಮ್ಮಿ ಕೂತ. ತಲೆ ಆಟೋದ ಕಂಬಿಗೆ ಹೊಡೆಯಿತು. ಅದೂ ತಿಳಿಯಲಿಲ್ಲ.

“ಮುಜಫ್ಫರ್! ನಾನು ಏನೂ ತಿಂದಿಲ್ಲ!”

“ಅದನ್ನೇ ಹೇಳಿದ್ದು ಸರ್.”

“ನೀರೂ ಕುಡ್ದಿಲ್ಲ! ನನ್ನ ಹೊಟ್ಟೆ ಖಾಲಿ ಇದೆ ಮುಜಫ್ಫರ್! ಖಾಲಿ! ಓಡ್ಸು!”

ಲ್ಯಾಬಿಗೆ ನುಗ್ಗಿದಾಗ ಒಂದೂಕಾಲು. ಶಶಿರೇಖಾ ಬಾಗಿಲಲ್ಲೇ ನಿಂತಿದ್ದರು. “ಎಲ್ಲಿ ಸಮಾಧಾನಿ?”

“ನಾನೇ ಮೇಡಂ” ಎಂದು ತೋಳು ಚಾಚಿದ.

ಆಕೆಯ ಮುಖ ಇಳಿಯಿತು. “ಆಗಲ್ಲ ವಿಜಯಕುಮಾರ್. ನಮ್ಮ ಸ್ಟಾಫಿನ ರಕ್ತ ನಾವೇ ತಗೊಳ್ಳೋ ಹಾಗಿಲ್ಲ. ರೂಲ್ಸು.”

“ನಾನೆಲ್ಲಿ ಸ್ಟಾಫು ಮೇಡಂ? ಎಂಟು ವರ್ಷದಿಂದ ಹೊರಗಿನವನೇ ಅಲ್ವಾ?”

“ಅದೂ ಸರಿ” ಎಂದರು ಶಶಿರೇಖಾ. ತಾವೇ ಸೂಜಿ ಹಿಡಿದರು. ಗಿರಗಿರ ತಿರುಗಿಸಿದಾಗ ತಿಳಿ ಜೇನಿನ ಹಾಗೆ ನಿಂತಿತು. ಇಷ್ಟು ಚೆಂದದ ರಕ್ತ ತನ್ನೊಳಗಿತ್ತೆಂದು ವಿಜಯಕುಮಾರನಿಗೇ ಗೊತ್ತಿರಲಿಲ್ಲ. ಬಣ್ಣ ಹಚ್ಚಿದ್ದಾಯಿತು. ಎರಡಕ್ಕೆ ಎರಡು ನಿಮಿಷ ಇರುವಾಗ ಎಡಗಡೆಯ ಮನೆಗೆ ಪೊಲೀಸಿನವರದು, ಬಲಗಡೆಯ ಮನೆಗೆ ಇವನದು ಬಿತ್ತು.

ಎರಡೂವರೆ ಗಂಟೆ ಕಾದದ್ದು, ಆಮೇಲೆ ಮೂರು ಸಲ ತೊಳೆದದ್ದು, ಒಣಗಿಸಿದ್ದು ಎಲ್ಲ ಆಯಿತು. ಐದೂಕಾಲಿಗೆ ಸ್ಲೈಡು ಸ್ಕ್ಯಾನರಿನ ಬಾಯಿಗೆ ಹೋಯಿತು. ಇಬ್ಬರೂ ಪರದೆಯ ಮುಂದೆ ಉಸಿರು ಹಿಡಿದು ನಿಂತರು. ಆರ್ಡರು ಮೇಜಿನ ಮೇಲಿತ್ತು. ಶಶಿರೇಖಾರ ಕೈಯಲ್ಲಿ ಪೆನ್ನಿತ್ತು, ಮುಚ್ಚಳವನ್ನೂ ತೆಗೆದಿದ್ದರು.

ಮೊದಲು ಎಡಗಡೆಯ ಮನೆ ಮೂಡಿತು. ಅಲ್ಲೊಂದು ಇಲ್ಲೊಂದು, ಒಂದು ಇಪ್ಪತ್ತು ಚುಕ್ಕಿ ಬೆಳಗಿದವು. ಪಾಪ, ಹೊಗೆ ಕುಡಿದ ಪೊಲೀಸಿನವರ ಕಷ್ಟವೆಲ್ಲ ಅಲ್ಲಿ ಮಿನುಗುತ್ತಿತ್ತು. “ಬಂತು! ಬಂತು!” ಎಂದು ಶಶಿರೇಖಾ ಕುಣಿದರು. “ಈಗ ಬಲಗಡೆ ಕತ್ತಲೆ ಇದ್ರೆ ಸಾಕು!”

ಬಲಗಡೆಯ ಮನೆ ಮೂಡಿತು.

ಕತ್ತಲೆಯೆಲ್ಲಿ ಬಂತು! ಮೊದಲ ಸಾಲು ಭಗ್ಗನೆ ಹೊತ್ತಿತು. ಎರಡನೆಯದು, ಮೂರನೆಯದು, ನಾಲ್ಕನೆಯದು! ಮದುವೆ ಚೌಲ್ಟ್ರಿಗೆ ಸೀರಿಯಲ್ ಸೆಟ್ ಹಾಕಿದ ಹಾಗೆ ಮನೆಗೆ ಮನೆಯೇ 'ಜಗ್' ಎಂದಿತು. ಪೊಲೀಸಿನವರಲ್ಲಿ ಮಿನುಗಿದ ಚುಕ್ಕಿಗಳು ಇವನಲ್ಲಿ ಧಗಧಗ ಉರಿಯುತ್ತಿದ್ದವು. ಅವರಲ್ಲಿ ಇಲ್ಲವೇ ಇಲ್ಲದ ನೂರಾರು ಚುಕ್ಕಿಗಳೂ ಎದ್ದು ನಿಂತಿದ್ದವು. ಪರದೆಯ ಬೆಳಕಿಗೆ ಶಶಿರೇಖಾರ ಕನ್ನಡಕ ಬೆಳ್ಳಗಾಯಿತು.

ವಿಜಯಕುಮಾರ ನೆಲಕ್ಕೆ ಕುಸಿದ. “ಮುಗೀತು ಮೇಡಂ. ಸ್ಲೈಡ್ ಹಾಳಾಯ್ತು. ನಾನೂ ಹಾಳಾದೆ.”

ಶಶಿರೇಖಾ ಮೂಗು ಪರದೆಗೆ ತಾಗುವಷ್ಟು ಬಗ್ಗಿ ಒಂದೊಂದು ಚುಕ್ಕಿಯನ್ನೂ ನೋಡಿದರು. ಯಂತ್ರದ ತಪ್ಪೋ ಎಂದು ಎರಡನೆಯ ಸಲ ಸ್ಕ್ಯಾನ್ ಮಾಡಿದರು. ಅದೇ ದೀಪಾವಳಿ. ಆಮೇಲೆ ಆಕೆ ಕೂಗಿದ ಕೂಗಿಗೆ ಕಪಾಟಿನ ಗಾಜಿನ ಸಾಮಾನೆಲ್ಲ ಟಿಣಿಟಿಣಿ ಎಂದವು.

“ಹಾಳಾಗಿಲ್ಲ ಕಣ್ರೀ! ಸ್ಲೈಡ್ ಕೆಟ್ಟಿಲ್ಲ ಅಂತ ತೋರ್ಸೋ ಗುರುತಿನ ಚುಕ್ಕಿಗಳೆಲ್ಲ ಸರಿಯಾಗೇ ಇವೆ! ಇದು ನಿಜವಾದ ರಕ್ತ! ಗಾಬರೀದು, ಉರಿಯೂತದ್ದು, ಸಂಕಟದ್ದು, ಪುಸ್ತಕದಲ್ಲಿರೋ ಪ್ರೋಟೀನೆಲ್ಲ ಒಂದೇ ಮೈಯಲ್ಲಿ! ಗೊರಗುಂಟೆಪಾಳ್ಯದ ಇಡೀ ಠಾಣೆ ಸೇರಿದ್ರೂ ಇಷ್ಟಿಲ್ಲ! ಏನ್ರೀ ಮಾಡಿದ್ರಿ ಬೆಳಿಗ್ಗೆಯಿಂದ?”

ಚಿತ್ರ ಐದೂ ಐವತ್ತಕ್ಕೆ ದೆಹಲಿಗೆ ಹೋಯಿತು. ಆರೂ ಐದಕ್ಕೆ ದೆಹಲಿಯವರೇ ಫೋನು ಮಾಡಿದರು. ಶಶಿರೇಖಾ “ಹಾಂಜೀ, ಹಾಂಜೀ” ಎನ್ನುತ್ತ ಕುರ್ಚಿಯ ಸುತ್ತ ಪ್ರದಕ್ಷಿಣೆ ಹಾಕಿದರು. ಫೋನಿಟ್ಟು ಎರಡೂ ಕೈ ಎತ್ತಿ ಹಾರಿದರು.

“ಗೆದ್ದೆವು! ಇಂಥ ರಕ್ತ ಅವರು ಎಲ್ಲೂ ನೋಡಿಲ್ವಂತೆ, ಪ್ರಾಜೆಕ್ಟ್ ಇನ್ನೂ ಐದು ವರ್ಷ ಮುಂದುವರಿಸ್ತಾರಂತೆ! ವಿಜಯಕುಮಾರ್, ನಿಮ್ಮ ಕೈ ಕೊಡಿ!”

ವಿಜಯಕುಮಾರ ಎದ್ದು ನಿಂತ. ಮುಖ ತೊಳೆದ ಮಗುವಿನ ಹಾಗೆ ಅರಳಿತು. ಕಣ್ಣು ಮೇಜಿನ ಮೇಲಿನ ಕಾಗದಕ್ಕೆ ಹೋಯಿತು. “ಹಾಗಾದ್ರೆ ಮೇಡಂ... ಸೈನು...”

“ಅದಿರ್ಲಿ. ಮೊದಲು ಕೂತ್ಕೊಂಡು ನಿಮ್ಮ ದಿನ ಹೇಳಿ. ಒಂದೂ ಬಿಡಬೇಡಿ.”

ಅವನು ಹೇಳಿದ. ಆಕೆ ಬರೆದುಕೊಂಡರು. ಅಕ್ಕಯ್ಯಮ್ಮ, ಹದಿನೈದು ನಿಮಿಷ. ಅಳತೆ ಟೇಪು, ಎರಡು ಸುತ್ತು. ಹೆಬ್ಬಾಳ, ಐವತ್ತು ನಿಮಿಷ. ಗೊರಗುಂಟೆಪಾಳ್ಯ, ಎರಡು ಚಕ್ರದ ಮೇಲೆ. ಕಿಡ್ನಿ ಕಳ್ಳ, ಹಿಡಿದವರು ಸುಮಾರು ಒಂಬತ್ತು ಮಂದಿ. ಔಷಧಿಯ ಚೀಟಿಯ ಹಾಗೆ ಎಲ್ಲಕ್ಕೂ ಅಳತೆ ಹಾಕಿ, ಅಡಿಗೆರೆ ಎಳೆದರು.

“ವಿಜ್ಞಾನದಲ್ಲಿ ಒಂದು ಸಲ ಬಂದಿದ್ದು ಲೆಕ್ಕಕ್ಕಿಲ್ಲ ವಿಜಯಕುಮಾರ್. ಮೂರು ಸಲ ಬರ್ಬೇಕು. ಅದೇ ಮನುಷ್ಯ, ಅದೇ ಹೊತ್ತು, ಅದೇ ಕಾಟ. ಇನ್ನೂ ಎರಡು ಸ್ಲೈಡಿಗೆ ದೆಹಲಿಯವರು ಒಪ್ಪಿದಾರೆ. ಬಂದ ತಕ್ಷಣ, ಇನ್ನೂ ಎರಡು ಸಲ, ಈ ದಿನ ಹೀಗೇ ಆಗ್ಬೇಕು. ಒಂದು ಸಾಸಿವೆ ಕಾಳಷ್ಟೂ ಬದಲಾಗಬಾರ್ದು. ಮಾರ್ಕೆಟ್ಟಿನವರ ಹತ್ರ ನಾನೇ ಮಾತಾಡ್ತೀನಿ, ಹಿಡಿಯೋದಕ್ಕೆ.”

“ಆಗ್ಲಿ ಮೇಡಂ” ಎಂದ ವಿಜಯಕುಮಾರ, ನಾಲಿಗೆ ಒಣಗಿ. ಇನ್ನೆರಡು ದಿನ ತಾನೇ. ಅದನ್ನೂ ಸಹಿಸಿಯಾನು. “ಆರ್ಡರಿಗೆ ಮಾತ್ರ ಒಂದು ಸೈನ್...”

ಶಶಿರೇಖಾ ಕರುಣೆಯಿಂದ ಅವನನ್ನು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ಸೈನ್ ಮಾಡಿದ್ರೆ ನೀವು ಸ್ಟಾಫ್ ಆಗ್ತೀರಾ. ಸ್ಟಾಫ್ ಆದ್ರೆ ನಿಮ್ಮ ರಕ್ತ ಮುಟ್ಟೋ ಹಾಗಿಲ್ಲ. ಅದು ಹೋಗ್ಲಿ, ರೂಲ್ಸಿಗೆ ಏನಾದ್ರೂ ದಾರಿ ಹುಡುಕಬಹುದು. ಆದ್ರೆ ನೀವು ಖುಷಿಯಾಗ್ಬಿಡ್ತೀರಲ್ಲ ವಿಜಯಕುಮಾರ್! ರಾತ್ರಿ ನಿದ್ದೆ ಮಾಡ್ತೀರಾ, ಮದುವೆ ಆಗ್ತೀರಾ. ಆಮೇಲೆ ಈ ಚುಕ್ಕಿ ಬೆಳಗುತ್ತಾ ಹೇಳಿ? ಐದು ವರ್ಷದ ಪ್ರಾಜೆಕ್ಟು ರೀ! ದೇಶದ ಪ್ರಶ್ನೆ!”

ಆರ್ಡರು ಮೇಜಿನ ಮೇಲಿಂದ ಎದ್ದು, ಡ್ರಾಯರಿನೊಳಗೆ ಹೋಗಿ, ಬೀಗ ಹಾಕಿಸಿಕೊಂಡಿತು.

“ಯವ್ವಾ” ಎಂದ ವಿಜಯಕುಮಾರ. ಅವನ ತುಟಿ ನಡುಗುವುದನ್ನು ಕಂಡು, ಮೂಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಕಲಾವತಿ ಕೈ ಒರೆಸಿಕೊಂಡು ಓಡಿಬಂದಳು. “ಅಳಬೇಡಿ ಅಣ್ಣಾ, ಎಲ್ಲಾ ಸರಿ...” ಎನ್ನುವಷ್ಟರಲ್ಲಿ ಶಶಿರೇಖಾ ನಡುವೆ ನುಗ್ಗಿ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ಒಂದು ಹಾಳೆ ತೆಗೆದು, ದಪ್ಪ ಕೆಂಪು ಪೆನ್ನಿನಲ್ಲಿ ಬರೆದು, ಲ್ಯಾಬಿನ ಬಾಗಿಲಿಗೆ ಅಂಟಿಸಿದರು:

‘ಎಲ್ಲರ ಗಮನಕ್ಕೆ. ಪ್ರಯೋಗ ಮುಗಿಯುವವರೆಗೆ ವಿಜಯಕುಮಾರರಿಗೆ ಯಾರೂ ಸಮಾಧಾನ ಹೇಳಬಾರದು.’